ಕೊನೆ ಮುಟ್ಟದ ಕಾಲುವೆ, ಮುಂದೆ ಸಾಗಿದ ರೈಲು

ತುಂಗಭದ್ರೆಯ ಹಳೆಯ ದೋಣಿಮಾರ್ಗದ ಅವಶೇಷಗಳು ವರ್ತಕರಿಗೆ ಹೇಳುವ ಪಾಠ

ಸರಕಿನ ಬೆಲೆಯಲ್ಲಿ ಸಾಗಣೆ ವೆಚ್ಚದ ಪಾಲು ಎಷ್ಟೆಂಬುದನ್ನು ವರ್ತಕರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹತ್ತಿ, ಹುಣಸೆಹಣ್ಣು ಇವೆಲ್ಲವೂ ದೂರದ ಮಾರುಕಟ್ಟೆಯನ್ನು ತಲುಪಿದ ಮೇಲೆಯೇ ಹಣವಾಗಿ ಮರಳುತ್ತವೆ. ದಾರಿ ಅಗ್ಗವಾದರೆ ರೈತನಿಗೂ ಅಡತಿಯವನಿಗೂ ನಾಲ್ಕು ಕಾಸು ಹೆಚ್ಚು ಉಳಿಯುತ್ತದೆ. ದಾರಿ ದುಬಾರಿಯಾದರೆ ಒಳ್ಳೆಯ ಬೆಳೆಯೂ ನಷ್ಟದ ಬಾಬ್ತಾಗುತ್ತದೆ. ಈ ಮಾತು ಇಂದಿನದಲ್ಲ. ಸುಮಾರು 160 ವರ್ಷಗಳ ಹಿಂದೆ ಇದೇ ಲೆಕ್ಕವನ್ನು ಮುಂದಿಟ್ಟುಕೊಂಡು, ನಮ್ಮ ಭಾಗದ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ನೀರಿನ ಮೇಲೆಯೇ ಸರಕು ಸಾಗಿಸುವ ಒಂದು ಭಾರೀ ಯೋಜನೆಯನ್ನು ಕೈಗೊಳ್ಳಲಾಗಿತ್ತು. ಲಂಡನ್ನಿನಲ್ಲಿ ಷೇರು ಮಾರಿ ಬಂಡವಾಳ ಕೂಡಿಸಲಾಯಿತು, ಕಾಲುವೆ ತೋಡಲಾಯಿತು, ದೋಣಿಗಳನ್ನು ಏರಿಸಿ ಇಳಿಸುವ ಕಟ್ಟಡಗಳನ್ನು ಕಟ್ಟಲಾಯಿತು. ಆದರೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ರೈಲು ಬಂದಿತು. ದೋಣಿಮಾರ್ಗ ಸೊರಗಿ ಕೊನೆಗೆ ನಿಂತೇ ಹೋಯಿತು.

ಆ ಕಾಲುವೆಯ ಹೆಸರು ಕರ್ನೂಲು–ಕಡಪ ಕಾಲುವೆ. ಆಂಧ್ರದ ರೈತರ ಬಾಯಲ್ಲಿ ಅದು ಕೆ.ಸಿ. ಕಾಲುವೆ. ನೀರಾವರಿಯ ಕಾಲುವೆಯಾಗಿ ಅದು ಇಂದಿಗೂ ಜೀವಂತವಾಗಿದೆ. ಸರಕು ಸಾಗಣೆಯ ಮಾರ್ಗವಾಗಿ ಮಾತ್ರ ಅದು ಇತಿಹಾಸ ಸೇರಿದೆ. ಒಂದೇ ಕಾಲುವೆ ಒಂದು ಉದ್ದೇಶದಲ್ಲಿ ಸೋತು ಮತ್ತೊಂದರಲ್ಲಿ ಗೆದ್ದುದು ಹೇಗೆ ಎಂಬುದು ವ್ಯಾಪಾರಸ್ಥರೂ ಸಣ್ಣ ಉದ್ಯಮಿಗಳೂ ಅವಶ್ಯವಾಗಿ ತಿಳಿಯಬೇಕಾದ ಸಂಗತಿ.

ನದಿಯ ಹಳೆಯ ಮತ್ತು ಹೊಸ ಕಾಲುವೆಗಳು

ಹೊಸಪೇಟೆಯಿಂದ ಕೊಟ್ಟೂರಿಗೆ ಹೊರಡುವ ರೈಲು ಮಾರ್ಗವು ತುಂಗಭದ್ರಾ ಜಲಾಶಯದ ಸಮೀಪದಿಂದಲೇ ಹಾದು ವ್ಯಾಸನಕೆರೆ, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ, ಮಾಲವಿ ನಿಲ್ದಾಣಗಳನ್ನು ದಾಟಿ ಕೊಟ್ಟೂರನ್ನು ಸೇರುತ್ತದೆ. ಆ ಜಲಾಶಯದ ನೀರಿನಡಿಯಲ್ಲಿ ಮುಳುಗಿದ್ದು ಹಳ್ಳಿಗಳಷ್ಟೇ ಅಲ್ಲ, ವಿಜಯನಗರದ ಅರಸರ ಕಾಲದ ಕೆಲವು ಒಡ್ಡುಗಳೂ ಹೌದು. ಬಸವಣ್ಣ ಕಾಲುವೆಗೆ ನೀರು ತಿರುಗಿಸುತ್ತಿದ್ದ ವಲ್ಲಭಾಪುರದ ಒಡ್ಡು ಅವುಗಳಲ್ಲಿ ಒಂದು. 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಒಡ್ಡುಗಳು ಕಣ್ಮರೆಯಾದರೂ ಕಾಲುವೆಗಳು ಅಳಿಯಲಿಲ್ಲ. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಒದಗಿಸುವ ವ್ಯವಸ್ಥೆಯಾಯಿತು. ಐದು ಶತಮಾನಗಳಷ್ಟು ಹಳೆಯದಾದ ಈ ಏರ್ಪಾಡು ಹೊಸಪೇಟೆ ಭಾಗದ ಕಬ್ಬು, ಬಾಳೆ, ಭತ್ತದ ಗದ್ದೆಗಳನ್ನು ಇಂದಿಗೂ ಸಾಕುತ್ತಿದೆ.

ವಿಜಯನಗರದ ಕಾಲುವೆಗಳ ಉದ್ದೇಶ ನೀರುಣಿಸುವುದಾಗಿತ್ತು. ನದಿಯ ಕೆಳಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತೋಡಿದ ಕೆ.ಸಿ. ಕಾಲುವೆಗೆ ಆ ಕೆಲಸದ ಜೊತೆಗೆ ಮತ್ತೊಂದು ಹೊರೆಯನ್ನೂ ಹೊರಿಸಲಾಗಿತ್ತು. ಅದು ನೀರನ್ನೂ ಕೊಡಬೇಕು, ದೋಣಿಗಳನ್ನೂ ಹೊರಬೇಕು.

ಕಾಟನ್ ಮಂಡಿಸಿದ ಲೆಕ್ಕ

ಯೋಜನೆಯ ಹಿಂದಿದ್ದ ಆಲೋಚನೆ ಸರ್ ಆರ್ಥರ್ ಕಾಟನ್ ಅವರದು. 1847ರಿಂದ 1852ರವರೆಗೆ ಗೋದಾವರಿ ನದಿಗೆ ಧವಳೇಶ್ವರದ ಬಳಿ ಒಡ್ಡು ಕಟ್ಟಿ, ಬರಪೀಡಿತ ಮುಖಜಭೂಮಿಯನ್ನು ಭತ್ತದ ಕಣಜವನ್ನಾಗಿ ಮಾರ್ಪಡಿಸಿದ ಈ ಎಂಜಿನಿಯರ್, ಭಾರತಕ್ಕೆ ರೈಲಿಗಿಂತ ಮೊದಲು ಬೇಕಾದುದು ದೋಣಿ ಸಂಚರಿಸಬಲ್ಲ ಕಾಲುವೆಗಳು ಎಂದು ಜೀವನಪರ್ಯಂತ ವಾದಿಸಿದರು.

ಅವರ ವಾದದ ತಿರುಳು ವರ್ತಕರಿಗೆ ಸುಲಭವಾಗಿ ಅರ್ಥವಾಗುವಂಥದು. ಜೋಡೆತ್ತಿನ ಬಂಡಿ ಕಚ್ಚಾ ರಸ್ತೆಯಲ್ಲಿ ಎಳೆಯಬಲ್ಲ ಹೊರೆ ಹೆಚ್ಚೆಂದರೆ ಒಂದು ಟನ್ನಿನ ಆಸುಪಾಸು. ನಿಂತ ನೀರಿನಲ್ಲಿ ತೇಲುವ ದೋಣಿಯನ್ನು ದಂಡೆಯ ಮೇಲಿನಿಂದ ಹಗ್ಗ ಕಟ್ಟಿ ಎಳೆದರೆ ಅಷ್ಟೇ ಶ್ರಮಕ್ಕೆ ಅದರ ಹತ್ತಾರು ಪಟ್ಟು ಭಾರ ಸಾಗುತ್ತದೆ. ನೀರಿನ ಮೇಲೆ ಘರ್ಷಣೆ ಅತಿ ಕಡಿಮೆ. ಎಂಜಿನ್ ಬೇಡ, ಕಲ್ಲಿದ್ದಲು ಬೇಡ, ಕಂಬಿ ಬೇಡ. ಅದೇ ನೀರು ಗದ್ದೆಗೂ ಹರಿಯುವುದರಿಂದ ಬೆಳೆಯುವ ಫಸಲೇ ದೋಣಿಗೆ ಸರಕನ್ನೂ ಒದಗಿಸುತ್ತದೆ. ಒಂದು ಬಂಡವಾಳದಿಂದ ಎರಡು ಆದಾಯ ಎಂಬುದು ಕಾಟನ್ ಅವರ ಲೆಕ್ಕ.

ಈ ಲೆಕ್ಕಕ್ಕೆ ಅಂತಾರಾಷ್ಟ್ರೀಯ ಮಾರುಕಟ್ಟೆಯೂ ಬಲ ನೀಡಿತು. ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಬೇಕಾಗಿತ್ತು. ಬಳ್ಳಾರಿ, ಕರ್ನೂಲು, ಧಾರವಾಡ ಸೀಮೆಗಳ ಎರೆಭೂಮಿ ಹತ್ತಿಗೆ ಹೆಸರಾಗಿತ್ತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ತಪ್ಪಿದಾಗ, ಭಾರತದ ಹತ್ತಿಯ ಬೆಲೆ ಒಮ್ಮೆಲೇ ಗಗನಕ್ಕೇರಿತು. ಎರೆಭೂಮಿಯ ಹತ್ತಿಯನ್ನು ಬಂದರಿಗೆ ಮುಟ್ಟಿಸುವ ಅಗ್ಗದ ದಾರಿ ಯಾವುದು ಎಂಬುದು ಅಂದಿನ ದೊಡ್ಡ ಪ್ರಶ್ನೆಯಾಯಿತು.

ಸುಂಕೇಸುಲದಿಂದ ಕಡಪದವರೆಗೆ

1858ರಲ್ಲಿ ಇಂಗ್ಲೆಂಡಿನಲ್ಲಿ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಅಸ್ತಿತ್ವಕ್ಕೆ ಬಂದಿತು. ಅದರ ಹತ್ತು ಲಕ್ಷ ಪೌಂಡ್ ಬಂಡವಾಳದ ಮೇಲೆ ಶೇಕಡಾ 5ರಷ್ಟು ಬಡ್ಡಿಯನ್ನು ಸರ್ಕಾರ ಖಾತರಿಪಡಿಸಿತು. ರೈಲ್ವೆ ಕಂಪನಿಗಳಿಗೆ ಕೊಟ್ಟಿದ್ದ ಖಾತರಿಯ ಮಾದರಿಯೇ ಇದು. ಕಂಪನಿಯ ಮೂಲ ಕಲ್ಪನೆ ಬಹಳ ವಿಶಾಲವಾಗಿತ್ತು. ತುಂಗಭದ್ರೆಯ ನೀರನ್ನು ಪೆನ್ನಾರ್ ನದಿಯ ಕೊಳ್ಳಕ್ಕೆ ಇಳಿಸಿ, ಅಲ್ಲಿಂದ ಮುಂದೆ ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಣಂ ಕಡಲತೀರದವರೆಗೆ ದೋಣಿಮಾರ್ಗ ಒಯ್ಯುವುದು. ನದಿಯ ಮೇಲ್ಭಾಗದಲ್ಲಿ ಬಳ್ಳಾರಿ ಸೀಮೆಗೂ ಕಾಲುವೆ ತರುವುದು. ಇವೆರಡೂ ಕಾಗದದ ಮೇಲೆಯೇ ಉಳಿದವು. ನೆಲದ ಮೇಲೆ ಆಗಿದ್ದು ನಡುವಿನ ಭಾಗ ಮಾತ್ರ. ಕರ್ನೂಲಿನಿಂದ ಸುಮಾರು 17 ಮೈಲಿ ಮೇಲಕ್ಕೆ ಸುಂಕೇಸುಲದಲ್ಲಿ ನದಿಗೆ ಒಡ್ಡು ಕಟ್ಟಿ, ಅಲ್ಲಿಂದ ಕಡಪದವರೆಗೆ ಸುಮಾರು 190 ಮೈಲಿ, ಅಂದರೆ 300 ಕಿಲೋಮೀಟರಿಗೂ ಮೀರಿದ ಕಾಲುವೆಯನ್ನು ಸಿದ್ಧಪಡಿಸಲಾಯಿತು.

ಕಾಮಗಾರಿ 1863ರಿಂದ ಭರದಿಂದ ಸಾಗಿ 1871ರ ವೇಳೆಗೆ ಮುಗಿಯಿತು. ಆದರೆ ಅಂದಾಜು ಎಂದೋ ಕೈಮೀರಿತ್ತು. ಕಾಲುವೆ ಅರ್ಧದಲ್ಲಿರುವಾಗಲೇ ಹತ್ತು ಲಕ್ಷ ಪೌಂಡ್ ಖರ್ಚಾಗಿ, ಸರ್ಕಾರದಿಂದ ಮತ್ತೆ ಆರು ಲಕ್ಷ ಪೌಂಡ್ ಸಾಲ ಪಡೆಯಬೇಕಾಯಿತು. ಲಾಭ ಬರಲಿ ಬಿಡಲಿ ಷೇರುದಾರನ ಬಡ್ಡಿಗೆ ಬೊಕ್ಕಸವೇ ಹೊಣೆಯಾಗಿದ್ದಾಗ ವೆಚ್ಚದ ಮೇಲೆ ಹಿಡಿತವಿಡುವ ಅಗತ್ಯ ಯಾರಿಗೂ ಕಾಣುವುದಿಲ್ಲ ಎಂಬ ಟೀಕೆ ಅಂದೇ ಕೇಳಿಬಂದಿತ್ತು. ಇನ್ನೊಂದು ದೌರ್ಭಾಗ್ಯವೂ ಕೂಡಿಕೊಂಡಿತು. ಅಮೆರಿಕದ ಯುದ್ಧ 1865ರಲ್ಲೇ ಮುಗಿದು ಹತ್ತಿಯ ಬೆಲೆ ಇಳಿದಿತ್ತು. ಮಾರುಕಟ್ಟೆಯ ಏರಿಕೆಯ ಕಾಲದಲ್ಲಿ ತೋಡಲಾರಂಭಿಸಿದ ಕಾಲುವೆ ಇಳಿಕೆಯ ಕಾಲದಲ್ಲಿ ಸಿದ್ಧವಾಯಿತು. ಬೆಲೆ ಏರಿದಾಗ ಯಂತ್ರ ತರಿಸಲು ಮುಂಗಡ ಕೊಟ್ಟು, ಅದು ಬಂದಿಳಿಯುವಷ್ಟರಲ್ಲಿ ಬೆಲೆ ಕುಸಿದುದನ್ನು ಕಂಡ ಉದ್ಯಮಿಗಳಿಗೆ ಈ ಸಂಕಟ ಅಪರಿಚಿತವಲ್ಲ.

ದೋಣಿ ಇಳಿಜಾರನ್ನು ಇಳಿಯುವ ಬಗೆ

ಕರ್ನೂಲಿಗೂ ಕಡಪಕ್ಕೂ ನಡುವೆ ನೂರು ಮೀಟರಿಗೂ ಹೆಚ್ಚಿನ ಇಳಿಜಾರಿದೆ. ನೀರನ್ನು ನೇರವಾಗಿ ಹರಿಯಬಿಟ್ಟರೆ ಆ ವೇಗದಲ್ಲಿ ದೋಣಿಯನ್ನು ಮೇಲಕ್ಕೆ ಎಳೆಯುವುದು ಅಸಾಧ್ಯ. ಆದ್ದರಿಂದ ಕಾಲುವೆಯನ್ನು ಮೆಟ್ಟಿಲುಗಳಂತೆ ವಿಭಾಗಿಸಿ, ಪ್ರತಿ ಮೆಟ್ಟಿಲಿನಲ್ಲಿ ಕಲ್ಲಿನ ಗೋಡೆಗಳ ಒಂದು ಕೋಣೆಯನ್ನು ಕಟ್ಟುತ್ತಾರೆ. ಇದೇ 'ಲಾಕ್'. ಕೋಣೆಯ ಮೇಲ್ತುದಿಗೆ ಒಂದು, ಕೆಳತುದಿಗೆ ಒಂದು ಬಾಗಿಲು. ಮೇಲಿನಿಂದ ಬಂದ ದೋಣಿ ಒಳಸೇರಿದ ಮೇಲೆ ಮೇಲಿನ ಬಾಗಿಲು ಮುಚ್ಚಿ, ಒಳಗಿನ ನೀರನ್ನು ಮೆಲ್ಲಗೆ ಹೊರಬಿಟ್ಟರೆ ದೋಣಿ ನೀರಿನೊಡನೆ ಕೆಳಗಿಳಿಯುತ್ತದೆ. ಆಗ ಕೆಳಬಾಗಿಲು ತೆರೆದರೆ ಮುಂದಿನ ದಾರಿ. ಮೇಲೇರುವ ದೋಣಿಗೆ ಇದೇ ಕ್ರಮ ತಿರುಗುಮುರುಗು. ತೆಲುಗು ನಾಡಿನಲ್ಲಿ ಕಾಲುವೆಯ ಬಾಗಿಲುಗಳಿರುವ ಸ್ಥಳವನ್ನು ಜನರು ಇಂದಿಗೂ 'ಲಾಕುಲು' ಎಂದೇ ಕರೆಯುತ್ತಾರೆ. ಹಲವೆಡೆ ದೋಣಿ ಹೋಗಿ ಹೆಸರು ಮಾತ್ರ ಉಳಿದಿದೆ.

ದಾರಿಯಲ್ಲಿ ಅಡ್ಡಬಂದ ಹಂದ್ರಿ ನದಿಯನ್ನು ಕರ್ನೂಲು ಪಟ್ಟಣದಲ್ಲಿ ಕಲ್ಲಿನ ಮೇಲ್ಗಾಲುವೆಯ ಮೂಲಕ ದಾಟಿಸಲಾಯಿತು. ಕೆಳಗೆ ನದಿ, ಮೇಲೆ ಕಾಲುವೆ. ಅಲ್ಲಿಂದ ಮುಂದೆ ಕಾಲುವೆ ಪೂರ್ವಕ್ಕೆ ಸಾಗಿ, ಕೃಷ್ಣಾ ಕೊಳ್ಳಕ್ಕೂ ಪೆನ್ನಾರ್ ಕೊಳ್ಳಕ್ಕೂ ನಡುವಿನ ದಿಣ್ಣೆಯನ್ನು ದಾಟಿ, ಕೆಲವೆಡೆ ಹಳ್ಳ ಹೊಳೆಗಳ ಪಾತ್ರವನ್ನೇ ಬಳಸಿಕೊಂಡು ನಂದ್ಯಾಲದ ಬಯಲಿಗೆ ಇಳಿಯುತ್ತದೆ.

ದೋಣಿಗಳು ನಿಂತದ್ದೇಕೆ?

ಕಾಲುವೆ ಸಿದ್ಧವಾದ ಸಮಯದಲ್ಲೇ ಮದ್ರಾಸ್ ರೈಲ್ವೆಯ ವಾಯವ್ಯ ಮಾರ್ಗವು ಕಡಪ, ಗುತ್ತಿ, ಗುಂತಕಲ್ಲುಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ ಕಡೆಯ ಮಾರ್ಗವನ್ನು ಕೂಡಿಕೊಂಡಿತು. ಗುಂತಕಲ್ಲಿನಿಂದ ಬಳ್ಳಾರಿಗೂ ಕಂಬಿ ಬಂದಿತು. ಅಲ್ಲಿಗೆ ಪೈಪೋಟಿ ನೇರವಾಯಿತು. ದೋಣಿಯ ಬಾಡಿಗೆ ಕಡಿಮೆ ಎಂಬ ಕಾಟನ್ ಅವರ ಮಾತು ಸುಳ್ಳಾಗಿರಲಿಲ್ಲ. ಆದರೂ ಸರಕು ರೈಲಿನತ್ತ ಹೋಯಿತು. ಇದಕ್ಕಿದ್ದ ಕಾರಣಗಳನ್ನು ಬಿಡಿಸಿ ನೋಡುವುದು ಉಚಿತ.

ಮೊದಲನೆಯದಾಗಿ, ದಾರಿ ಕೊನೆ ಮುಟ್ಟಲಿಲ್ಲ. ಕೃಷ್ಣಪಟ್ಣಂವರೆಗಿನ ಭಾಗ ಆಗಲೇ ಇಲ್ಲ. ದೋಣಿ ಕಡಪದಲ್ಲಿ ನಿಂತಿತು. ಕಡಲಿಗೆ ಹೋಗಬೇಕಾದ ಸರಕನ್ನು ಅಲ್ಲಿ ಇಳಿಸಿ, ಬಂಡಿಗೆ ಹೇರಿ, ನಿಲ್ದಾಣಕ್ಕೆ ಒಯ್ದು ರೈಲಿಗೆ ತುಂಬಬೇಕಾಗಿತ್ತು. ಒಮ್ಮೆ ಇಳಿಸಿ ಮತ್ತೊಮ್ಮೆ ಏರಿಸುವ ಹಮಾಲಿ, ಸೋರಿಕೆ, ಕಳವು, ಮಳೆಯ ಭಯ ಇವೆಲ್ಲ ಸೇರಿದರೆ ನೀರಿನ ಮೇಲೆ ಉಳಿಸಿದ ಬಾಡಿಗೆ ದಂಡೆಯ ಮೇಲೆ ಕರಗಿಹೋಗುತ್ತದೆ. ಕೊನೆಗೂ ರೈಲನ್ನೇ ಹತ್ತಬೇಕಾದ ಮೂಟೆಯನ್ನು ಮೊದಲೇ ರೈಲಿಗೆ ಹಾಕುವುದು ಲೇಸೆಂದು ವರ್ತಕ ಭಾವಿಸಿದರೆ ಅದು ಸಹಜ.

ಎರಡನೆಯದು ಋತುಮಾನದ ತೊಡಕು. ತುಂಗಭದ್ರೆಗೆ ಅಂದು ದೊಡ್ಡ ಜಲಾಶಯವಿರಲಿಲ್ಲ. ಮಳೆಗಾಲದಲ್ಲಿ ಉಕ್ಕುವ ನದಿ ಬೇಸಿಗೆಯಲ್ಲಿ ಸಣ್ಣ ಹರಿವಾಗುತ್ತಿತ್ತು. ಹತ್ತಿ, ಜೋಳ ಕೈಸೇರಿ ವ್ಯಾಪಾರ ಬಿರುಸಾಗುವುದೂ ಆ ಒಣ ತಿಂಗಳುಗಳಲ್ಲೇ. ಸರಕು ಇಲ್ಲದಾಗ ನೀರು, ಸರಕು ಇದ್ದಾಗ ನೀರಿಲ್ಲ ಎಂಬ ಸ್ಥಿತಿಯಲ್ಲಿ ಯಾವ ಮಾರ್ಗವೂ ಬಾಳದು.

ಮೂರನೆಯದು ಕಾಲದ ಬೆಲೆ. ನಡಿಗೆಯ ವೇಗದಲ್ಲಿ ಎಳೆಯುವ ದೋಣಿ ದಿನಕ್ಕೆ 30ರಿಂದ 40 ಕಿಲೋಮೀಟರ್ ಸಾಗಿದರೂ ಕಾಲುವೆಯ ಉದ್ದಕ್ಕೂ ಹೋಗಲು ಎಂಟು ಹತ್ತು ದಿನಗಳು ಬೇಕು. ಲಾಕುಗಳಲ್ಲಿ ಕಾಯುವ ಹೊತ್ತು ಬೇರೆ. ರೈಲಿಗೆ ಅಷ್ಟು ದೂರ ಒಂದು ದಿನದ ಮಾತು. ಸಾಲದ ಹಣದಿಂದ ಕೊಂಡ ಹತ್ತಿ ದಾರಿಯಲ್ಲಿರುವಷ್ಟು ದಿನವೂ ಬಡ್ಡಿ ತಿನ್ನುತ್ತದೆ. ಧಾರಣೆ ಬೀಳುವ ಅಪಾಯವೂ ಇರುತ್ತದೆ. ಬಾಡಿಗೆಯ ಚೀಟಿಯಲ್ಲಿ ಕಾಣದ ಈ ವೆಚ್ಚ ವರ್ತಕನ ಖಾತೆಯಲ್ಲಿ ತಪ್ಪದೆ ಕಾಣುತ್ತದೆ.

ನಾಲ್ಕನೆಯದು ಎರಡು ಉದ್ದೇಶಗಳ ನಡುವಿನ ತಿಕ್ಕಾಟ. ದೋಣಿಗೆ ಆಳವಾದ, ಬಹುಮಟ್ಟಿಗೆ ನಿಂತ ನೀರು ಬೇಕು. ಗದ್ದೆಗೆ ಹರಿಯುವ ನೀರು ಬೇಕು. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕೊರತೆ. ಅಲ್ಲದೆ ನೀರಿನ ಗಿರಾಕಿಗಳೂ ಆರಂಭದಲ್ಲಿ ಒಲಿಯಲಿಲ್ಲ. ತೇವವನ್ನು ಹಿಡಿದಿಡುವ ಎರೆಭೂಮಿಯಲ್ಲಿ ಮಳೆಯಿಂದಲೇ ಜೋಳ, ಹತ್ತಿ ಬೆಳೆಯುತ್ತಿದ್ದ ರೈತರು ದುಡ್ಡು ತೆತ್ತು ಕಾಲುವೆಯ ನೀರು ಪಡೆಯಲು ಹಿಂಜರಿದರು. ಪ್ರತಿ ವರ್ಷ ಬೇಕಾಗದ ನೀರಿಗೆ ಪ್ರತಿ ವರ್ಷ ದರ ಕೊಡುವುದು ಅವರ ಲೆಕ್ಕಕ್ಕೆ ಹೊಂದಲಿಲ್ಲ. ಕೊಳ್ಳುವವನ ಅಗತ್ಯವನ್ನು ಮೊದಲು ವಿಚಾರಿಸದೆ ಸರಕು ತಯಾರಿಸಿದ ಕಾರ್ಖಾನೆಯ ಗತಿಯೇ ಕಂಪನಿಗೂ ಒದಗಿತು. 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. 1933ರಿಂದ ಅದು ನೀರಾವರಿಗೇ ಮೀಸಲಾಯಿತು.

ಬರಗಾಲ ಬರೆದ ತೀರ್ಪು

ಕಾಲುವೆಯೋ ರೈಲೋ ಎಂಬ ಚರ್ಚೆಯನ್ನು 1876ರಿಂದ 1878ರವರೆಗಿನ ಮಹಾಕ್ಷಾಮ ತೀಕ್ಷ್ಣಗೊಳಿಸಿತು. ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅತಿ ಹೆಚ್ಚು ನಲುಗಿದವುಗಳಲ್ಲಿ ಸೇರಿದ್ದವು. ಮೇವು ನೀರಿಲ್ಲದೆ ಎತ್ತುಗಳು ಸತ್ತು, ಬಂಡಿಗಳು ಚಲಿಸದಾದವು. ಬೇರೆ ಕಡೆಗಳಿಂದ ಬಂದ ಧಾನ್ಯ ರೈಲು ನಿಲ್ದಾಣಗಳವರೆಗೆ ತಲುಪಿದರೂ ಅಲ್ಲಿಂದ ಒಳನಾಡಿನ ಹಳ್ಳಿಗಳಿಗೆ ಮುಟ್ಟಿಸುವುದೇ ದುಸ್ತರವಾಯಿತು. 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಾಟನ್ ತಮ್ಮ ಕಾಲುವೆಗಳ ಪರವಾಗಿ ಹೇಳಿಕೆ ನೀಡಿದರು. ಸಮಿತಿ ಅದನ್ನು ಒಪ್ಪಲಿಲ್ಲ. 1880ರ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರಕ್ಷಣಾ ರೈಲುಮಾರ್ಗಗಳನ್ನು ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ರೈಲು ಬಂದಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಶಾಖೆ ತೆರೆಯಿತು. ದೋಣಿಮಾರ್ಗ ಸೋಲುವುದಕ್ಕೂ ನಮ್ಮ ಭಾಗಕ್ಕೆ ರೈಲು ಬರುವುದಕ್ಕೂ ಇರುವ ನಂಟು ಇದು.

ಆದರೂ ಕಾಟನ್ ಅವರ ಅರ್ಧ ಮಾತು ಮುಂದೆ ನಿಜವಾಯಿತು. ರೈಲು ಧಾನ್ಯವನ್ನು ಸಾಗಿಸಬಲ್ಲದು, ಬೆಳೆಯಲಾರದು. ಕೆ.ಸಿ. ಕಾಲುವೆ ಇಂದು ಕರ್ನೂಲು, ನಂದ್ಯಾಲ, ಕಡಪ ಸೀಮೆಗಳಲ್ಲಿ ಎರಡೂವರೆ ಲಕ್ಷ ಎಕರೆಗೂ ಮೀರಿದ ಅಚ್ಚುಕಟ್ಟನ್ನು ಹೊಂದಿದೆ. ನಂದ್ಯಾಲದ ಭತ್ತದ ವಹಿವಾಟಿಗೂ ಅಕ್ಕಿ ಗಿರಣಿಗಳಿಗೂ ಆಧಾರವಾಗಿರುವ ನೀರಿನಲ್ಲಿ ಇದರ ಪಾಲು ದೊಡ್ಡದು. ಕಂಪನಿಯ ಷೇರುದಾರರಿಗೆ ಬಾರದ ಲಾಭ ಅವರ ನಂತರದ ತಲೆಮಾರುಗಳ ರೈತರಿಗೆ ದಕ್ಕಿತು.

ಇಂದು ಕಾಣಸಿಗುವುದು

ಬಳ್ಳಾರಿ ಕಡೆಯಿಂದ ಆದೋನಿ ಮಾರ್ಗವಾಗಿ ಕರ್ನೂಲಿಗೆ ವ್ಯಾಪಾರಕ್ಕೆ ಹೋಗಿಬರುವವರು ಈ ಭಾಗದಲ್ಲಿ ಇಂದಿಗೂ ಇದ್ದಾರೆ. 1953ರವರೆಗೆ ಆದೋನಿ, ಆಲೂರುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಹತ್ತಿಯ ವ್ಯವಹಾರದ ನಂಟು ಗಡಿಯಿಂದ ಕಡಿದುಹೋಗಿಲ್ಲ. ಅಂಥವರು ಒಂದು ದಿನವನ್ನು ಮೀಸಲಿಟ್ಟರೆ ಹಳೆಯ ದೋಣಿಮಾರ್ಗದ ಕುರುಹುಗಳನ್ನು ಗುರುತಿಸಬಹುದು.

ಸುಂಕೇಸುಲದಲ್ಲಿ ಹಳೆಯ ಒಡ್ಡಿನ ಬದಲಿಗೆ ಇಂದು ಬಾಗಿಲುಗಳುಳ್ಳ ಬ್ಯಾರೇಜ್ ನಿಂತಿದೆ. 2009ರ ಅಕ್ಟೋಬರಿನ ಮಹಾಪೂರದಲ್ಲಿ ಅದಕ್ಕೆ ಹಾನಿಯಾಗಿ, ಕರ್ನೂಲು ನಗರವೂ ಜಲಾವೃತವಾಗಿತ್ತು. ಕರ್ನೂಲಿನಲ್ಲಿ ಹಂದ್ರಿಯ ಮೇಲಿನ ಮೇಲ್ಗಾಲುವೆ ಗಮನಿಸತಕ್ಕ ಕಟ್ಟಡ. ಸಿಕಂದರಾಬಾದ್ ಕಡೆಯಿಂದ ತುಂಗಭದ್ರೆಯನ್ನು ದಾಟಿ ದ್ರೋಣಾಚಲದತ್ತ ಹೋಗುವ ರೈಲುಮಾರ್ಗವು ಕರ್ನೂಲಿನ ಪರಿಸರದಲ್ಲೇ ಈ ಕಾಲುವೆಯನ್ನೂ ದಾಟುತ್ತದೆ. ಒಂದು ಕಾಲದ ಎದುರಾಳಿಗಳಾದ ನೀರು, ಕಂಬಿಗಳೆರಡೂ ಅಲ್ಲಿ ಪರಸ್ಪರ ಅಡ್ಡಹಾಯುತ್ತವೆ. ಮುಂದೆ ನಂದ್ಯಾಲದ ಬಯಲಿನಲ್ಲಿ ಗುಂತಕಲ್ಲಿನಿಂದ ವಿಜಯವಾಡದ ಕಡೆಗೆ ಸಾಗುವ ಮಾರ್ಗಕ್ಕೂ ಕಾಲುವೆಗೂ ಮತ್ತೆ ಭೇಟಿ.

ನೋಡುವವರು ಒಂದು ಸಂಗತಿಯನ್ನು ನೆನಪಿಡಬೇಕು. 1996ರಲ್ಲಿ ಮಂಜೂರಾದ ಜಪಾನಿನ ಸಾಲದ ನೆರವಿನಿಂದ ಕಾಲುವೆಯ ಆಧುನೀಕರಣ ನಡೆದಿದೆ. ಹಾಗಾಗಿ ಹಳೆಯದೂ ಹೊಸದೂ ಬೆರೆತುಹೋಗಿವೆ. ನೀರು ಬಿಡುವ ಸಾಮಾನ್ಯ ಬಾಗಿಲಿಗೆ ಒಂದೇ ಅಡ್ಡಗೋಡೆ ಸಾಕು. ಅದರ ಪಕ್ಕದಲ್ಲಿ ಎರಡು ಉದ್ದನೆಯ ಕಲ್ಲಿನ ಗೋಡೆಗಳು ಎದುರುಬದುರಾಗಿ ನಿಂತು ನಡುವೆ ಕೋಣೆಯಂಥ ಜಾಗವಿದ್ದರೆ ಅದು ದೋಣಿಗಾಗಿ ಕಟ್ಟಿದ್ದು ಎಂದು ಊಹಿಸಬಹುದು. ಅಂತಾರಾಷ್ಟ್ರೀಯ ನೀರಾವರಿ ಮತ್ತು ಬಸಿಕಾಲುವೆ ಆಯೋಗವು 2020ರಲ್ಲಿ ಕೆ.ಸಿ. ಕಾಲುವೆಯನ್ನು ವಿಶ್ವ ಪಾರಂಪರಿಕ ನೀರಾವರಿ ನಿರ್ಮಾಣಗಳ ಪಟ್ಟಿಗೆ ಸೇರಿಸಿದೆ.

ಕಡಲತೀರದ ಮತ್ತೊಂದು ಉದಾಹರಣೆ

ಕೃಷ್ಣಪಟ್ಣಂವರೆಗೆ ದೋಣಿಮಾರ್ಗ ಮುಟ್ಟಿದ್ದರೆ ಅದು ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಕೂಡಿಕೊಳ್ಳಬಹುದಾಗಿತ್ತು. ಆಂಧ್ರದ ಕಡಲತೀರದಿಂದ ಮದ್ರಾಸಿನ ಮೂಲಕ ದಕ್ಷಿಣಕ್ಕೆ ಮರಕ್ಕಾಣಂವರೆಗೆ ಸಾಗುವ ಆ ಕಾಲುವೆಯಲ್ಲಿ ಉಪ್ಪು, ಸೌದೆ, ಧಾನ್ಯ ಹೊತ್ತ ದೋಣಿಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಓಡಾಡಿದವು. ಅಲ್ಲಿ ದೊಡ್ಡ ಪಟ್ಟಣದ ಗಿರಾಕಿ ಇದ್ದ, ಸರಕು ಭಾರವಾಗಿಯೂ ಅಗ್ಗವಾಗಿಯೂ ಇತ್ತು, ಅವಸರವಿರಲಿಲ್ಲ. ಆದ್ದರಿಂದಲೇ ಅದು ಕೆ.ಸಿ. ಕಾಲುವೆಗಿಂತ ಹೆಚ್ಚು ಕಾಲ ಬದುಕಿತು. ಕೊನೆಗೆ ಲಾರಿಗಳ ಪೈಪೋಟಿ, ಚಂಡಮಾರುತಗಳು, ಹೂಳು, ನಗರದ ಕೊಳಚೆ ಸೇರಿ ಅದನ್ನೂ ಕೆಡಿಸಿದವು. 1990ರ ದಶಕದಲ್ಲಿ ಚೆನ್ನೈ ನಗರದ ಎತ್ತರಿಸಿದ ರೈಲುಮಾರ್ಗವನ್ನು ನಿರ್ಮಿಸಿದಾಗ ಅದರ ಕಂಬಗಳನ್ನು ಹಲವೆಡೆ ಈ ಕಾಲುವೆಯ ಪಾತ್ರದಲ್ಲೇ ನೆಡಲಾಯಿತು. ಬಳಸದೆ ಬಿಟ್ಟ ದಾರಿಯ ಜಾಗ ಎಂದಿಗೂ ಖಾಲಿ ಉಳಿಯದು. ಬೇರೊಂದು ದಾರಿ ಅದನ್ನು ಆಕ್ರಮಿಸುತ್ತದೆ. 2008ರಲ್ಲಿ ರಾಷ್ಟ್ರೀಯ ಜಲಮಾರ್ಗ 4ರ ಭಾಗವಾಗಿ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಘೋಷಿಸಲಾಯಿತು. ಆದರೆ ಒಮ್ಮೆ ಕೈಬಿಟ್ಟ ಮಾರ್ಗಕ್ಕೆ ಮರುಜೀವ ಕೊಡುವುದು ಹೊಸ ಮಾರ್ಗ ಮಾಡುವುದಕ್ಕಿಂತ ಸುಲಭವೇನಲ್ಲ.

ಕೊಟ್ಟೂರು ಮಾರ್ಗಕ್ಕೆ ಅನ್ವಯ

ಕಾಲುವೆಯನ್ನು ಸೋಲಿಸಿದ ರೈಲಿಗೂ ಇದೇ ನಿಯಮಗಳು ಅನ್ವಯಿಸಿದವು ಎಂಬುದಕ್ಕೆ ಹೊಸಪೇಟೆ–ಕೊಟ್ಟೂರು ಮಾರ್ಗವೇ ಸಾಕ್ಷಿ. ಸುಮಾರು 70 ಕಿಲೋಮೀಟರಿನ ಈ ಮೀಟರ್ ಗೇಜ್ ಶಾಖೆ ಕೊಟ್ಟೂರಿನಲ್ಲಿ ಕೊನೆಗೊಳ್ಳುತ್ತಿತ್ತು. ದಾವಣಗೆರೆ, ಹರಿಹರದ ಕಡೆಗೆ ಹೋಗಬೇಕಾದ ಸರಕಿಗೆ ಅದು ದಾರಿಯೇ ಆಗಿರಲಿಲ್ಲ. ಮದ್ರಾಸಿನ ಕಡೆಗೆ ಹೋಗುವ ಸರಕಿಗೆ ಇನ್ನೊಂದು ತೊಡಕು. 1887ರಲ್ಲಿ ಗುಂತಕಲ್–ಬಳ್ಳಾರಿ ಮಾರ್ಗವನ್ನು ಮೀಟರ್ ಗೇಜಿಗೆ ಬದಲಾಯಿಸಿದ ಮೇಲೆ, ಗುಂತಕಲ್ಲಿನಲ್ಲಿ ಮೂಟೆಗಳನ್ನು ಸಣ್ಣ ವ್ಯಾಗನ್ನಿನಿಂದ ದೊಡ್ಡ ವ್ಯಾಗನ್ನಿಗೆ ವರ್ಗಾಯಿಸಬೇಕಾಗಿತ್ತು. ಕಡಪದಲ್ಲಿ ದೋಣಿಗೆ ಬಂದ ಕಷ್ಟವೇ ಗುಂತಕಲ್ಲಿನಲ್ಲಿ ರೈಲಿಗೆ ಬಂದಿತು.

ಲಾರಿ ಬಂದ ಮೇಲೆ ಫಲಿತಾಂಶ ಏನಾಯಿತೆಂಬುದು ಈ ಭಾಗದವರಿಗೆ ತಿಳಿದಿದೆ. ಅಂಗಡಿಯ ಬಾಗಿಲಲ್ಲಿ ಹೇರಿ ಗಿರಾಕಿಯ ಬಾಗಿಲಲ್ಲಿ ಇಳಿಸುವ ವಾಹನದ ಎದುರು ನಡುವೆ ಎರಡು ಬಾರಿ ಇಳಿಸಿ ಏರಿಸುವ ಸಾಗಣೆ ನಿಲ್ಲಲಾರದು. 1990ರ ದಶಕದಲ್ಲಿ ಗೇಜ್ ಪರಿವರ್ತನೆಯ ಕಾಲಕ್ಕೆ ನಿಂತ ಪ್ರಯಾಣಿಕರ ರೈಲು ಎರಡು ದಶಕಗಳಿಗೂ ಹೆಚ್ಚು ಕಾಲ ಮರಳಲಿಲ್ಲ. ಕೊಟ್ಟೂರಿನಿಂದ ಹರಪನಹಳ್ಳಿ ಮಾರ್ಗವಾಗಿ ಹರಿಹರಕ್ಕೆ ಸುಮಾರು 65 ಕಿಲೋಮೀಟರ್ ಹೊಸ ಕಂಬಿ ಹಾಸಿ ಎರಡೂ ತುದಿಗಳನ್ನು ಜೋಡಿಸಿದ ಮೇಲೆ ಚಿತ್ರ ಬದಲಾಯಿತು. 2019ರಲ್ಲಿ ಹೊಸಪೇಟೆ–ಹರಿಹರ ನಡುವೆ ಪ್ರಯಾಣಿಕರ ರೈಲು ಆರಂಭವಾಯಿತು. ನೂರು ವರ್ಷಕ್ಕೂ ಮೀರಿ ಕುರುಡು ಕೊನೆಯಾಗಿದ್ದ ಕೊಟ್ಟೂರು ನಡುವಿನ ನಿಲ್ದಾಣವಾಯಿತು. ಕೆ.ಸಿ. ಕಾಲುವೆಗೆ ಒದಗದ ಭಾಗ್ಯ ಈ ಮಾರ್ಗಕ್ಕೆ ಒದಗಿತು: ಅದು ಮುಂದೆ ಸಾಗಿತು.

ಆದರೆ ಕಂಬಿ ಜೋಡಣೆಯಾದ ಮಾತ್ರಕ್ಕೆ ಮಾರ್ಗ ಸುರಕ್ಷಿತ ಎಂದು ಭಾವಿಸಲಾಗದು. ಒಂದೇ ಸರಕನ್ನು ನಂಬಿದ ಮಾರ್ಗದ ಪಾಡು ಏನೆಂಬುದನ್ನು ಹತ್ತಿಯ ಉಬ್ಬರವಿಳಿತ ತೋರಿಸಿತ್ತು. ನಮ್ಮ ಕಾಲದಲ್ಲಿ ಅದೇ ಪಾಠವನ್ನು ಕಬ್ಬಿಣದ ಅದಿರು ಕಲಿಸಿತು. 2003ರ ನಂತರ ಅದಿರಿನ ಬೆಲೆ ಏರಿದಾಗ ಹೊಸಪೇಟೆ ಭಾಗದ ರೈಲು, ರಸ್ತೆಗಳೆಲ್ಲ ಅದಿರಿನಿಂದ ತುಂಬಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಕಂತು ಕಟ್ಟಲಾಗದೆ ನೊಂದ ಮಾಲೀಕರು ನಮ್ಮ ತಾಲ್ಲೂಕುಗಳಲ್ಲೂ ಇದ್ದರು.

ಆದ್ದರಿಂದ ಕೃಷಿ ಉತ್ಪನ್ನ ಮತ್ತು ಸಣ್ಣ ಕೈಗಾರಿಕೆಗಳ ಸರಕು ಈ ಮಾರ್ಗವನ್ನು ಹಿಡಿಯುವುದು ಅವಶ್ಯ. ಅಡ್ಡಿ ಇರುವುದು ಪ್ರಮಾಣದಲ್ಲಿ. ಮುಚ್ಚಿದ ವ್ಯಾಗನ್ನುಗಳ ಪೂರ್ಣ ರೇಕ್ ಒಂದರಲ್ಲಿ ಸುಮಾರು 40 ವ್ಯಾಗನ್ನುಗಳಿದ್ದು, ಎರಡೂವರೆ ಸಾವಿರ ಟನ್ನಿನಷ್ಟು ಸರಕು ಹಿಡಿಯುತ್ತದೆ. ಒಬ್ಬ ಅಡತಿ ವ್ಯಾಪಾರಿಗೆ ಇಷ್ಟು ಮೆಕ್ಕೆಜೋಳವನ್ನು ಒಂದೇ ದಿನ ಕೂಡಿಸುವುದು ಕಷ್ಟ. ಐದಾರು ಎ.ಪಿ.ಎಂ.ಸಿ.ಗಳ ವರ್ತಕರು ಸೇರಿ ಸುಗ್ಗಿಯ ತಿಂಗಳುಗಳಿಗೆ ಮೊದಲೇ ಬೇಡಿಕೆ ಹೊಂದಿಸಿಕೊಂಡರೆ ಅದು ಅಸಾಧ್ಯವೇನಲ್ಲ. ಸುಮಾರು 20 ವ್ಯಾಗನ್ನುಗಳ ಮಿನಿ ರೇಕ್ ವ್ಯವಸ್ಥೆಯನ್ನೂ, 2021ರ ಡಿಸೆಂಬರಿನಲ್ಲಿ ಪ್ರಕಟವಾದ ಗತಿ ಶಕ್ತಿ ಕಾರ್ಗೋ ಟರ್ಮಿನಲ್ ನೀತಿಯಡಿ ಖಾಸಗಿಯವರೇ ಸರಕು ನಿಲ್ದಾಣ ನಿರ್ಮಿಸಲು ಇರುವ ಅವಕಾಶವನ್ನೂ ಪರಿಶೀಲಿಸಬಹುದು. ಮರಳುವಾಗ ರಸಗೊಬ್ಬರ, ಸಿಮೆಂಟ್ ತರುವ ವರ್ತಕರನ್ನೂ ಈ ಮಾತುಕತೆಗೆ ಸೇರಿಸಿಕೊಂಡರೆ ವ್ಯಾಗನ್ ಎರಡೂ ದಿಕ್ಕಿಗೆ ದುಡಿಯುತ್ತದೆ.

ಸಾಗಣೆ ಸೌಲಭ್ಯಕ್ಕಾಗಿ ಮನವಿ ಸಲ್ಲಿಸುವಾಗ ವರ್ತಕ ಸಂಘಗಳು ಸಾಮಾನ್ಯವಾಗಿ ಕೇಳುವುದು ರೈಲನ್ನು, ರಸ್ತೆಯನ್ನು, ನಿಲ್ದಾಣವನ್ನು. ಕೆ.ಸಿ. ಕಾಲುವೆಯ ಅನುಭವದ ಮೇಲೆ ಹೇಳುವುದಾದರೆ, ಮನವಿಯೊಂದಿಗೆ ಇನ್ನೂ ಮೂರು ವಿವರಗಳು ಇರುವುದು ಒಳಿತು. ಸರಕು ಹೊರಟಲ್ಲಿಂದ ಮುಟ್ಟುವಲ್ಲಿಯವರೆಗೆ ಎಷ್ಟು ಬಾರಿ ಇಳಿಸಿ ಏರಿಸಬೇಕು. ಯಾವ ತಿಂಗಳಲ್ಲಿ ಎಷ್ಟು ಟನ್ ದೊರೆಯುತ್ತದೆ. ಒಂದು ಸರಕಿನ ಬೆಲೆ ಬಿದ್ದರೆ ಆ ಜಾಗವನ್ನು ತುಂಬುವ ಮತ್ತೊಂದು ಸರಕು ಯಾವುದು. ಈ ಮೂರಕ್ಕೆ ಅಂಕಿಅಂಶ ಸಹಿತ ಉತ್ತರ ಸಿದ್ಧವಿದ್ದರೆ ರೈಲ್ವೆ ಅಧಿಕಾರಿಗಳ ಮುಂದೆ ಬೇಡಿಕೆಗೆ ತೂಕ ಬರುತ್ತದೆ. ಲಂಡನ್ನಿನ ಕಂಪನಿಯ ಬಳಿ ಹತ್ತು ಲಕ್ಷ ಪೌಂಡ್ ಇತ್ತು, ಸರ್ಕಾರದ ಖಾತರಿ ಇತ್ತು, ದೇಶದ ಅತ್ಯುತ್ತಮ ಎಂಜಿನಿಯರನ ಆಲೋಚನೆ ಇತ್ತು. ಈ ಮೂರು ಉತ್ತರಗಳು ಮಾತ್ರ ಇರಲಿಲ್ಲ.